ಎಡಗೈ ವಾದಕರಿಗೆ ಬುಟಿಕ್ ಬೇಸ್ ಗಿಟಾರ್: ಮುಖ್ಯಾಂಶಗಳು

ವಿಷಯದ ತಿರುಳು

ಬಲಗೈ ಬೇಸ್ ಗಿಟಾರನ್ನು ತಿರುವಿ ಹಿಡಿದ ಮಾತ್ರಕ್ಕೆ ಅದು ಎಡಗೈ ಬೇಸ್ ಆಗುವುದಿಲ್ಲ. ಬಾಡಿಯ ಕೊಂಬು, ನೆಕ್ಕಿನ ಚುಕ್ಕಿ, ನಟ್ಟಿನ ತೋಡು, ಪಿಕಪ್ಪಿನ ಜಾಗ, ನಾಬಿನ ಒಳಗಿನ ಪ್ರತಿರೋಧದ ಪಟ್ಟಿ, ಇಷ್ಟೂ ಕಡೆ ಎಡಬಲ ಅದಲುಬದಲಾದ ಮೇಲೆಯೇ ಅದು ನಿಜವಾದ ಎಡಗೈ ವಾದ್ಯ. ದೊಡ್ಡ ಕಾರ್ಖಾನೆಗಳು ಇದನ್ನು ತಮ್ಮ ಒಂದೆರಡು ಮಾದರಿಗಳಿಗೆ ಮಾತ್ರ ಮಾಡಿಕೊಡುತ್ತವೆ. ಉಳಿದ ಆಯ್ಕೆಯೆಲ್ಲ ಇರುವುದು ಸಣ್ಣ ಕಮ್ಮಟಗಳಲ್ಲಿ. ಅಲ್ಲಿ ಬೇಸ್ ಮಾಡಿಸುವವರಿಗೆ ಏನು ಕೇಳಬೇಕೆಂಬುದು ಗೊತ್ತಿರಬೇಕು. ಬೇಸ್ ಗ್ರೇಡ್ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗೂ ಮೊದಲ ಎಡಗೈ ಬೇಸ್‌ಗೆ ದುಡ್ಡು ಕೂಡಿಡುತ್ತಿರುವವರಿಗೂ ಓದಬೇಕಾದ್ದು ಒಂದೇ ಆದ್ದರಿಂದ ಇಲ್ಲಿ ಎರಡನ್ನೂ ಬೇರೆ ಮಾಡಿಲ್ಲ.

ಎಷ್ಟು ಜನ?

- 2020ರಲ್ಲಿ ಪ್ರಕಟವಾದ ದೊಡ್ಡ ಸಂಯುಕ್ತ ವಿಶ್ಲೇಷಣೆಯೊಂದು 23 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಎಡಗೈ ಬಳಸುವವರ ಪ್ರಮಾಣ ಶೇ. 10.6 ಎಂದು ಹೇಳಿತು. ಅಳತೆಯ ಕ್ರಮ ಬದಲಾದರೆ ಇದು ಶೇ. 9.3ರಿಂದ ಶೇ. 18.1ರವರೆಗೆ ಹೋಗುತ್ತದೆ.
- ಯಾವ ಕೈ ಪ್ರಧಾನ ಎಂದು ಗುರುತಿಸಲು ಸಂಶೋಧಕರು ಹೆಚ್ಚಾಗಿ ಬಳಸುವ ಪ್ರಶ್ನಾವಳಿ ಎಡಿನ್‌ಬರೋ ಹ್ಯಾಂಡೆಡ್‌ನೆಸ್ ಇನ್ವೆಂಟರಿ. 1971ರಲ್ಲಿ ಓಲ್ಡ್‌ಫೀಲ್ಡ್ ಅದನ್ನು ಪ್ರಕಟಿಸಿದರು.
- ಅಂತರರಾಷ್ಟ್ರೀಯ ಎಡಗೈಯವರ ದಿನ: ಆಗಸ್ಟ್ 13.

ಹತ್ತರಲ್ಲಿ ಒಬ್ಬರು ಎಂದು ನೆನಪಿಟ್ಟುಕೊಂಡರೆ ಸಾಕು. ಆದರೆ ವಾದ್ಯದ ಅಂಗಡಿಯ ಗೋಡೆಯಲ್ಲಿ ಈ ಲೆಕ್ಕ ಕಾಣುವುದಿಲ್ಲ. ಎಡಗೈಯಲ್ಲಿ ಬರೆಯುವ ಎಲ್ಲರೂ ಎಡಗೈ ಗಿಟಾರ್ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಹೊರಟವರೂ ಅಂಗಡಿಯಲ್ಲಿ ವಾದ್ಯ ಸಿಗದೆ ಬಲಗೈಗೆ ಒಗ್ಗಿಕೊಳ್ಳುತ್ತಾರೆ. ಕೊಳ್ಳುವವರಿಲ್ಲ ಎಂದು ಅಂಗಡಿಯವರು ತರಿಸುವುದಿಲ್ಲ, ತರಿಸುವುದಿಲ್ಲವಾದ್ದರಿಂದ ಕೊಳ್ಳುವವರು ಕಾಣುವುದಿಲ್ಲ.

ಬಲಗೈಯ ಏರ್ಪಾಡು ಗಿಟಾರಿಗಷ್ಟೇ ಸೀಮಿತವಲ್ಲ. ಕರ್ನಾಟಕ ಸಂಗೀತದಲ್ಲಿ ಪಳನಿ ಸುಬ್ರಮಣ್ಯ ಪಿಳ್ಳೈ ಎಡಗೈ ಮೃದಂಗ ವಾದಕರು. ಕರಣೆ ಇರುವ ಮುಖ ಸಭೆಯತ್ತ ಇರಬೇಕಾದ್ದರಿಂದ ಅವರು ಹಾಡುಗಾರರ ಇನ್ನೊಂದು ಬದಿಗೆ ಕೂರಬೇಕಿತ್ತು, ಆಗ ಪಿಟೀಲಿನವರ ಜಾಗವೂ ಬದಲಾಗಬೇಕಿತ್ತು. ಒಬ್ಬರ ಕೈ ಬೇರೆಯಾದರೆ ವೇದಿಕೆಯೇ ಬೇರೆಯಾಗುತ್ತದೆ ಎಂಬುದಕ್ಕೆ ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಇದು.

ಬೇಸ್ ಗಿಟಾರ್: ತಿಳಿದಿರಬೇಕಾದ ಇಸವಿಗಳು

1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್ಮಾರ್ಕ್ ಅವರು ಆಡಿಯೋವಾಕ್ಸ್ 736 ಎಂಬ ಫ್ರೆಟ್ಟುಳ್ಳ ವಿದ್ಯುತ್ ಬೇಸ್ ತಯಾರಿಸಿದರು. ಅದು ಹೆಚ್ಚು ಮಾರಾಟವಾಗಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಿಂದ ಪ್ರಿಸಿಶನ್ ಬೇಸ್ ಹೊರತಂದರು. 1957ರಲ್ಲಿ ಅದಕ್ಕೆ ಎರಡು ತುಂಡಾಗಿ ಒಡೆದ ಪಿಕಪ್ ಬಂತು. ಈ ಇಸವಿ ನೆನಪಿರಲಿ, ಎಡಗೈ ವಾದಕರ ಒಂದು ಮುಖ್ಯ ಸಮಸ್ಯೆ ಆ ಪಿಕಪ್ಪಿನಿಂದಲೇ ಹುಟ್ಟುತ್ತದೆ. 1960ರಲ್ಲಿ ಜಾಝ್ ಬೇಸ್, 1976ರಲ್ಲಿ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ.

ನಾಲ್ಕು ತಂತಿಯ ಬೇಸಿನ ಶ್ರುತಿ ದಪ್ಪ ತಂತಿಯಿಂದ ಸಣ್ಣದಕ್ಕೆ ಇ, ಎ, ಡಿ, ಜಿ. ಕೆಳಗಿನ ಇ ತಂತಿಯ ಕಂಪನ 41.2 ಹರ್ಟ್ಝ್. ಐದು ತಂತಿಯಲ್ಲಿ ಇನ್ನೂ ಕೆಳಗೆ ಬಿ ಸೇರುತ್ತದೆ, ಸುಮಾರು 30.9 ಹರ್ಟ್ಝ್. ನಟ್ಟಿನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ, ಅಂದರೆ ಸ್ಕೇಲ್, ಸಾಮಾನ್ಯವಾಗಿ 34 ಅಂಗುಲ, ಮಿಲಿಮೀಟರಿನಲ್ಲಿ 864. ಗಿಡ್ಡ ಸ್ಕೇಲ್ 30 ಅಂಗುಲ. ಬಿ ತಂತಿ ಬಿಗಿಯಾಗಿ ನಿಲ್ಲಲಿ ಎಂದು ಕೆಲವರು 35 ಅಂಗುಲಕ್ಕೆ ಹೋಗುತ್ತಾರೆ.

ಬುಟಿಕ್ ಎಂದು ಕರೆಯುವುದು ಯಾವುದನ್ನು?

ಕೆಲವೇ ಕುಶಲಕರ್ಮಿಗಳಿರುವ ಕಮ್ಮಟದಲ್ಲಿ, ಕೊಳ್ಳುವವರೊಡನೆ ಮಾತಾಡಿ, ಮರ, ನೆಕ್ಕಿನ ಆಕಾರ, ಪಿಕಪ್, ತಂತಿಗಳ ನಡುವಿನ ಅಂತರ ಇವನ್ನೆಲ್ಲ ಅವರ ಇಚ್ಛೆಯಂತೆ ಮಾಡಿಕೊಡುವ ಬೇಸ್‌ಗಳಿವು. ಬೆಲೆ ಸಾವಿರಾರು ಡಾಲರ್, ಕಾಯುವುದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ಮೀರುತ್ತದೆ.

ಈ ಪರಂಪರೆಯ ಆರಂಭವನ್ನು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಅಲೆಂಬಿಕ್‌ನಿಂದ ಎಣಿಸುತ್ತಾರೆ. 1969ರಲ್ಲಿ ಶುರುವಾದ ಈ ಸಂಸ್ಥೆ ಗ್ರೇಟ್‌ಫುಲ್ ಡೆಡ್ ತಂಡದ ಒಡನಾಟದಲ್ಲಿ ಬೆಳೆಯಿತು. 1972ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡದ ಜ್ಯಾಕ್ ಕಸಾಡಿಗೆ ಮೊದಲ ಬೇಸ್ ಮಾಡಿಕೊಟ್ಟಿತು. ಬೇಸಿನೊಳಗೇ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇಡುವ ಪದ್ಧತಿ ಬೇರೂರಿದ್ದರಲ್ಲಿ ಅಲೆಂಬಿಕ್‌ನ ಪಾಲು ದೊಡ್ಡದು. ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಅಲೆಂಬಿಕ್ ಬೇಸ್ ನುಡಿಸಿದ ಮೇಲೆ ಬೇಸ್ ವಾದಕರು ದುಬಾರಿ ವಾದ್ಯವನ್ನು ನೋಡುವ ಕಣ್ಣೇ ಬದಲಾಯಿತು.

ನಂತರದವು, ಊರಿನೊಂದಿಗೆ:

- ಸ್ಪೆಕ್ಟರ್, ನ್ಯೂಯಾರ್ಕ್‌ನ ಬ್ರೂಕ್ಲಿನ್, 1976. ಮರುವರ್ಷದ ಎನ್‌ಎಸ್ ಮಾದರಿಯ ವಿನ್ಯಾಸ ನೆಡ್ ಸ್ಟೈನ್‌ಬರ್ಗರ್ ಅವರದು.
- ಸ್ಯಾಡೋವ್‌ಸ್ಕಿ, ನ್ಯೂಯಾರ್ಕ್, 1979.
- ಫೊಡೆರಾ, ಬ್ರೂಕ್ಲಿನ್, 1983. ವಿನ್ನಿ ಫೊಡೆರಾ ಮತ್ತು ಜೋಯಿ ಲಾರಿಸೆಲ್ಲಾ ಸ್ಥಾಪಕರು.
- ವಾಲ್, ಇಂಗ್ಲೆಂಡ್, 1970ರ ದಶಕ. ಇಯಾನ್ ವಾಲರ್ ಮತ್ತು ಪೀಟ್ ಸ್ಟೀವನ್ಸ್. ವಾಲರ್ 1988ರಲ್ಲಿ ತೀರಿಕೊಂಡರು.
- ವಾರ್ವಿಕ್, ಜರ್ಮನಿ, 1982. ಹಾನ್ಸ್-ಪೀಟರ್ ವಿಲ್ಫರ್ ಸ್ಥಾಪಿಸಿದರು, 1995ರಲ್ಲಿ ವಾದ್ಯ ತಯಾರಿಕೆಗೆ ಹೆಸರಾದ ಮಾರ್ಕ್‌ನ್ಯೂಕಿರ್ಶನ್‌ಗೆ ಸ್ಥಳಾಂತರವಾಯಿತು. ಇಂದು ಕಾರ್ಖಾನೆಯ ಗಾತ್ರದ್ದೇ ಆದರೂ ಒಬ್ಬೊಬ್ಬರ ಬೇಡಿಕೆಯಂತೆ ಮಾಡಿಕೊಡುವ ವಿಭಾಗ ಉಳಿಸಿಕೊಂಡಿದೆ.
- ಕೆನಡಾದ ಎರಡು: ಹ್ಯಾಮಿಲ್ಟನ್‌ನ ಎಫ್ ಬೇಸ್, ಸ್ಯಾಸ್ಕಟೂನ್‌ನ ಡಿಂಗ್‌ವಾಲ್.

ಜರ್ಮನಿಯ ಸ್ಯಾಂಡ್‌ಬರ್ಗ್, ಪೋಲೆಂಡಿನ ಮೇಯೋನೆಸ್, ಶಿಕಾಗೋದ ಲೇಕ್‌ಲ್ಯಾಂಡ್ ಕೂಡ ಇದೇ ಸಾಲಿನವು. ಎಡಗೈ ವಾದ್ಯಗಳನ್ನಷ್ಟೇ ಮಾಡುವ ಅಥವಾ ಮಾರುವವರೂ ಇದ್ದಾರೆ: ಆಸ್ಟ್ರೇಲಿಯಾದ ಗ್ಯಾಸ್ಕೆಲ್, ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಸೌತ್‌ಪಾ ಗಿಟಾರ್ಸ್ ಎಂಬ ಅಂಗಡಿ.

ಎಡಗೈ ವಾದಕರಿಗೆ ಇರುವ ನಾಲ್ಕು ದಾರಿ

ಒಂದು: ಬಲಗೈ ಬೇಸನ್ನು ಬಲಗೈಯವರಂತೆಯೇ ನುಡಿಸುವುದು. ಗಿಟಾರಿನಲ್ಲಿ ಮಾರ್ಕ್ ನಾಫ್ಲರ್, ರಾಬರ್ಟ್ ಫ್ರಿಪ್ ಇದಕ್ಕೆ ಉದಾಹರಣೆ. ಇಬ್ಬರೂ ಎಡಗೈಯವರು, ನುಡಿಸಿದ್ದು ಬಲಗೈ ವಾದ್ಯ. ಎರಡು ಕೈಗೂ ಕೆಲಸವಿದೆಯಲ್ಲ, ಯಾವುದಾದರೇನು ಎಂದು ಶಿಕ್ಷಕರು ಹೇಳುವುದು ಈ ದಾರಿಯನ್ನೇ. ಅದು ಕೆಲವರಿಗೆ ನಿಜವಾಗುತ್ತದೆ. ಆದರೆ ಬೇಸಿನಲ್ಲಿ ತಾಳ ಹುಟ್ಟುವುದು ಮೀಟುವ ಕೈಯಲ್ಲಿ. ಲಯವನ್ನು ಸಹಜವಾಗಿ ಹಿಡಿಯುವ ಕೈ ಎಡಗೈ ಆಗಿರುವ ಮಗುವಿಗೆ ಬಲಗೈಯಿಂದ ಮೀಟು ಎನ್ನುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಎಡಗೈಯಲ್ಲಿ ಬರೆಯಬೇಡ, ಎಡಗೈಯಲ್ಲಿ ಕೊಡಬೇಡ ಎಂದು ಮನೆಯಲ್ಲಿ ಕೇಳಿಕೊಂಡೇ ಬೆಳೆದ ಮಕ್ಕಳಿಗೆ ಸಂಗೀತದ ಕೋಣೆಯಲ್ಲೂ ಅದೇ ಮಾತು ಕಾಯಬಾರದು.

ಎರಡು: ಬಲಗೈ ಬೇಸನ್ನು ತಂತಿ ಬದಲಿಸದೆ ತಿರುವಿ ಹಿಡಿಯುವುದು. ಆಗ ಸಣ್ಣ ಜಿ ತಂತಿ ಮೇಲೆ, ದಪ್ಪ ಇ ತಂತಿ ಕೆಳಗೆ. ಗಿಟಾರಿನಲ್ಲಿ ಆಲ್ಬರ್ಟ್ ಕಿಂಗ್ ಹೀಗೆ ತಲೆಕೆಳಗಾದ ತಂತಿಗಳಲ್ಲಿ ನುಡಿಸುತ್ತಿದ್ದರು. ಬೇಸಿನಲ್ಲಿ ಯೆಲ್ಲೋಜಾಕೆಟ್ಸ್ ತಂಡದ ಸ್ಥಾಪಕ ಸದಸ್ಯ ಜಿಮ್ಮಿ ಹ್ಯಾಸ್ಲಿಪ್, ಮೆಂಫಿಸ್‌ನ ಮೋನೋನಿಯೋನ್ ಈ ಕ್ರಮದವರು.

ಮೂರು: ಬಲಗೈ ಬೇಸನ್ನು ತಿರುವಿ, ತಂತಿಯ ಕ್ರಮವನ್ನೂ ಬದಲಿಸುವುದು. ಗಿಟಾರಿನಲ್ಲಿ ಜಿಮಿ ಹೆಂಡ್ರಿಕ್ಸ್ ಮಾಡಿದ್ದು ಇದನ್ನೇ.

ನಾಲ್ಕು: ಕನ್ನಡಿ ಪ್ರತಿಬಿಂಬದಂತೆ ಮೊದಲಿನಿಂದಲೇ ಎಡಗೈಗೆಂದು ಕಟ್ಟಿದ ಬೇಸ್. ಈ ಟಿಪ್ಪಣಿಯ ವಿಷಯ ಇದು.

ಪರೀಕ್ಷೆಯಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಒಂದೇ ಎಂದು ಬರೆಯುವುದು ಸಾಮಾನ್ಯ ತಪ್ಪು. ವ್ಯತ್ಯಾಸ ತಂತಿಯ ಕ್ರಮದಲ್ಲಿದೆ. ಎರಡನೆಯ ಕ್ರಮದವರು ಎಡಗೈ ಬೇಸ್ ಮಾಡಿಸುವಾಗಲೂ ಇದು ಮುಖ್ಯವಾಗುತ್ತದೆ: ಅವರಿಗೆ ಬೇಕಾದದ್ದು ಎಡಗೈ ಬಾಡಿ, ಆದರೆ ಬಲಗೈ ಕ್ರಮದ ನಟ್ ಮತ್ತು ಬ್ರಿಜ್. ಇದನ್ನು ಸ್ಪಷ್ಟವಾಗಿ ಬರೆದು ಕೊಡದಿದ್ದರೆ ಕಮ್ಮಟದವರು ಮಾಮೂಲಿ ಎಡಗೈ ಬೇಸನ್ನೇ ಕಟ್ಟುತ್ತಾರೆ.

ತಿರುವಿ ಹಿಡಿದರೆ ಏನೇನು ಕೆಡುತ್ತದೆ?

ಈ ಭಾಗವನ್ನು ನಿಧಾನವಾಗಿ ಓದಬೇಕು. ಬುಟಿಕ್ ಬೇಸ್‌ಗೆ ಏಕೆ ಅಷ್ಟು ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ತೂಕದ ಹಂಚಿಕೆ. ಬೇಸಿನ ಮೇಲಿನ ಕೊಂಬು ಉದ್ದವಾಗಿರುವುದು ಅಂದಕ್ಕಲ್ಲ. ಹೆಗಲ ಪಟ್ಟಿಯ ಗುಂಡಿ 12ನೇ ಫ್ರೆಟ್ಟಿನ ಆಸುಪಾಸಿಗೆ ಬಂದರೆ ಉದ್ದನೆಯ ನೆಕ್ಕು ಕೆಳಗೆ ಜಾರುವುದಿಲ್ಲ. ತಿರುವಿದಾಗ ಗಿಡ್ಡ ಕೊಂಬು ಮೇಲಕ್ಕೆ ಬರುತ್ತದೆ, ಗುಂಡಿ ಬ್ರಿಜ್ ಕಡೆಗೆ ಸರಿಯುತ್ತದೆ, ತಲೆಭಾಗ ನೆಲದತ್ತ ವಾಲುತ್ತದೆ. ಫ್ರೆಟ್ ಒತ್ತಬೇಕಾದ ಕೈ ವಾದ್ಯವನ್ನು ಎತ್ತಿ ಹಿಡಿಯುವ ಕೆಲಸಕ್ಕೆ ಬೀಳುತ್ತದೆ. ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವವರ ಮಣಿಕಟ್ಟು, ಭುಜಗಳಿಗೆ ಇದು ಸಣ್ಣ ವಿಷಯವಲ್ಲ.

ಮೇಲಿನ ಫ್ರೆಟ್ಟುಗಳು. ಬಾಡಿಯ ಕೆಳಗಡೆಯ ಆಳವಾದ ಕಚ್ಚು ಬೆರಳು 20ನೇ ಫ್ರೆಟ್ ತಲುಪಲೆಂದು ಇರುವುದು. ತಿರುವಿದಾಗ ಅಲ್ಲಿಗೆ ಉದ್ದ ಕೊಂಬು ಬಂದು ಅಂಗೈಗೆ ಅಡ್ಡ ನಿಲ್ಲುತ್ತದೆ.

ಚುಕ್ಕಿಗಳು. ನೆಕ್ಕಿನ ಅಂಚಿನಲ್ಲಿ ವಾದಕರ ಕಣ್ಣಿಗೆ ಕಾಣುವಂತೆ ಇಟ್ಟ ಚುಕ್ಕಿಗಳು ತಿರುವಿದಾಗ ಕೆಳಬದಿಗೆ ಹೋಗುತ್ತವೆ. ಫ್ರೆಟ್ ಇಲ್ಲದ ಬೇಸಿನಲ್ಲಂತೂ ಸ್ವರಸ್ಥಾನಕ್ಕೆ ಅವೇ ಕಣ್ಣಿನ ಆಧಾರ.

ನಟ್. ತಂತಿ ಕೂರುವ ತೋಡುಗಳನ್ನು ಆಯಾ ತಂತಿಯ ದಪ್ಪಕ್ಕೆ ಕೊರೆದಿರುತ್ತಾರೆ. ಸಾಮಾನ್ಯ ಸೆಟ್ಟಿನಲ್ಲಿ ಜಿ ತಂತಿ 0.045 ಅಂಗುಲ, ಇ ತಂತಿ 0.105 ಅಂಗುಲ. ಜಿ ತಂತಿಯ ತೋಡಿನಲ್ಲಿ ಇ ಕೂರುವುದಿಲ್ಲ, ಇ ತೋಡಿನಲ್ಲಿ ಜಿ ಅಲುಗಾಡಿ ಝಣಗುಟ್ಟುತ್ತದೆ. ತಂತಿಯ ಕ್ರಮ ಬದಲಿಸಿದರೆ ನಟ್ ಹೊಸದಾಗಿ ಮಾಡಿಸಲೇಬೇಕು.

ಬ್ರಿಜ್. ದಪ್ಪ ತಂತಿಯ ಸ್ಯಾಡಲ್ ಸಣ್ಣ ತಂತಿಯದಕ್ಕಿಂತ ಹಿಂದೆ ಇರಬೇಕು, ಆಗಲೇ 12ನೇ ಫ್ರೆಟ್ಟಿನಲ್ಲಿ ಶ್ರುತಿ ಸರಿ ಬರುವುದು. ಸ್ಕ್ರೂ ತಿರುಗಿಸಿ ಸರಿಪಡಿಸುವ ಬ್ರಿಜ್ ಆಗಿದ್ದರೆ ಇದು ಸುಲಭ. ತಿರುವಿ ಹಿಡಿಯುವ ಬೇಸಿನ ಸಮಸ್ಯೆಗಳಲ್ಲಿ ಹಗುರವಾದದ್ದು ಇದೊಂದೇ.

ತಲೆಭಾಗ. ಫೆಂಡರ್ ಶೈಲಿಯಲ್ಲಿ ನಾಲ್ಕು ಟ್ಯೂನರ್ ಒಂದೇ ಸಾಲಿನಲ್ಲಿ ಇರುತ್ತವೆ, ಇ ತಂತಿಯದು ನಟ್ಟಿಗೆ ತೀರ ಹತ್ತಿರ. ತಿರುವಿ ತಂತಿ ಬದಲಿಸಿದರೆ ಇ ತಂತಿ ತೀರ ದೂರದ ಟ್ಯೂನರಿಗೆ ಹೋಗುತ್ತದೆ. ಒಂದೇ ಸ್ಕೇಲ್, ಒಂದೇ ಶ್ರುತಿ ಇರುವಾಗ ಇದರಿಂದ ಬಿಗಿತ ಬದಲಾಗುವುದಿಲ್ಲ, ಆದರೆ ಬೆರಳಿಗೆ ಸಿಗುವ ಅನುಭವ ಕೊಂಚ ಬೇರೆ. ತಂತಿಯ ಉದ್ದ ಸಾಲುತ್ತದೆಯೇ ಎಂದೂ ನೋಡಬೇಕು. ಇ ತಂತಿಯನ್ನು ಒಂದೇ ಎಳೆತಕ್ಕೆ ಡಿ ಶ್ರುತಿಗೆ ಇಳಿಸುವ ಟ್ಯೂನರ್ ಬೇಕಿದ್ದರೆ ಅದನ್ನು ಎಡಗೈ ಆವೃತ್ತಿಯಲ್ಲೇ ತರಿಸಬೇಕು.

ಒಡೆದ ಪಿಕಪ್. 1957ರ ವಿನ್ಯಾಸದಲ್ಲಿ ಇ ಮತ್ತು ಎ ತಂತಿಗಳ ಕೆಳಗಿನ ತುಂಡು ನೆಕ್ಕಿನ ಕಡೆಗೆ, ಡಿ ಮತ್ತು ಜಿ ತಂತಿಗಳದು ಬ್ರಿಜ್ ಕಡೆಗೆ. ನೆಕ್ಕಿನ ಕಡೆಯದು ದುಂಡಗಿನ, ತುಂಬಿದ ನಾದ ಹಿಡಿಯುತ್ತದೆ, ಬ್ರಿಜ್ ಕಡೆಯದು ಬಿಗಿಯಾದ, ಚುರುಕು ನಾದ. ಬೇಸ್ ತಿರುವಿ ತಂತಿ ಬದಲಿಸಿದರೆ ಇ ಮತ್ತು ಎ ತಂತಿಗಳು ಬ್ರಿಜ್ ಕಡೆಯ ತುಂಡಿನ ಮೇಲೆ ಬರುತ್ತವೆ. ಪ್ರಿಸಿಶನ್ ಬೇಸ್ ಎಂದರೆ ಯಾವ ನಾದಕ್ಕೆ ಹೆಸರೋ ಆ ನಾದವೇ ಜಾರುತ್ತದೆ. ಇದನ್ನು ದೋಷವೆಂದಷ್ಟೇ ಬರೆಯಬೇಡಿ. ಕೆಳಗಿನ ತಂತಿಗಳು ಸ್ಪಷ್ಟವಾಗಿ ಕೇಳಲಿ ಎಂದು ಸ್ಪೆಕ್ಟರ್ ಬೇಕೆಂದೇ ತುಂಡುಗಳನ್ನು ಹೀಗೆ ಅದಲುಬದಲು ಮಾಡಿ ಇಡುತ್ತದೆ. ವಾದಕರು ತಾವು ಕೇಳಿ ಪಡೆದರೆ ಅದು ಆಯ್ಕೆ, ತಿರುವಿದ ಬೇಸಿನೊಂದಿಗೆ ತಾನಾಗಿ ಬಂದರೆ ಅಲ್ಲ.

ಇದಕ್ಕೆ ಹೋಲಿಸಿದರೆ ಸೋಪ್‌ಬಾರ್ ಎನ್ನುವ ಉದ್ದಚೌಕದ ಪಿಕಪ್ಪಿಗೆ ಎಡಬಲದ ಭೇದ ಕಡಿಮೆ. ಐದು ತಂತಿಯ ಒಡೆದ ಪಿಕಪ್ಪಿನಲ್ಲಿ ಒಂದು ತುಂಡು ಮೂರು ತಂತಿಗೆ, ಇನ್ನೊಂದು ಎರಡಕ್ಕೆ ಇದ್ದರೆ ಎಡಗೈಯದನ್ನೇ ಕೇಳಬೇಕು.

ನೆಕ್ಕಿನ ಬೆನ್ನು. ಮೈಕೆಲ್ ಟೋಬಿಯಸ್ ಅವರ ಎಂಟಿಡಿ ಬೇಸ್‌ಗಳಂತೆ ಕೆಲವು ಬುಟಿಕ್ ಬೇಸ್‌ಗಳಲ್ಲಿ ನೆಕ್ಕಿನ ಹಿಂಬದಿ ಎರಡೂ ಕಡೆ ಒಂದೇ ದಪ್ಪವಿರುವುದಿಲ್ಲ, ಸಣ್ಣ ತಂತಿಯ ಬದಿಗೆ ತೆಳು. ಇಂಥ ನೆಕ್ಕನ್ನು ತಿರುವಿದರೆ ಯಾವ ಅನುಕೂಲಕ್ಕೆ ಹಾಗೆ ಕೆತ್ತಿದರೋ ಅದೇ ಅನನುಕೂಲವಾಗುತ್ತದೆ.

ಬೀಸಣಿಗೆ ಫ್ರೆಟ್. ರಾಲ್ಫ್ ನೋವಾಕ್ 1989ರಲ್ಲಿ ಪೇಟೆಂಟ್ ಪಡೆದ ಈ ಕ್ರಮದಲ್ಲಿ ಫ್ರೆಟ್ಟುಗಳು ಓರೆಯಾಗಿ ಹರಡಿರುತ್ತವೆ, ಪ್ರತಿ ತಂತಿಗೂ ಬೇರೆ ಸ್ಕೇಲ್. ಡಿಂಗ್‌ವಾಲ್ ಬೇಸ್‌ಗಳಲ್ಲಿ ದಪ್ಪ ತಂತಿಗೆ 37 ಅಂಗುಲ, ಸಣ್ಣದಕ್ಕೆ 34 ಅಂಗುಲ. ಇದನ್ನು ತಿರುವಿ ತಂತಿ ಬದಲಿಸುವ ಮಾತೇ ಇಲ್ಲ, ದಪ್ಪ ತಂತಿಗೆ ಗಿಡ್ಡ ಸ್ಕೇಲ್ ಬಂದುಬಿಡುತ್ತದೆ. ಈ ಬಗೆಯ ಬೇಸ್ ಬೇಕಾದ ಎಡಗೈ ವಾದಕರಿಗೆ ಎಡಗೈಗೆಂದು ಕಟ್ಟಿದ್ದೊಂದೇ ದಾರಿ. ಡಿಂಗ್‌ವಾಲ್ ಎಡಗೈ ಮಾದರಿಗಳನ್ನು ತಯಾರಿಸುತ್ತದೆ.

ನಾಬ್ ತಿರುಗುವ ದಿಕ್ಕು

ಬಹಳ ಎಡಗೈ ಬೇಸ್‌ಗಳು ಎಡವುವುದು ಇಲ್ಲಿ. ಬಾಡಿ ಸರಿ, ನೆಕ್ಕು ಸರಿ, ನಾಬ್ ಮಾತ್ರ ಬಲಗೈಯವರದು.

ವಾಲ್ಯೂಮ್ ನಾಬಿನ ಒಳಗಿರುವ ಪೊಟೆನ್ಶಿಯೋಮೀಟರಿನ ಪ್ರತಿರೋಧ ಸಮನಾಗಿ ಏರುವುದಿಲ್ಲ. ಕಿವಿ ಸದ್ದನ್ನು ಲಾಗರಿದಮ್ ಕ್ರಮದಲ್ಲಿ ಅಳೆಯುವುದರಿಂದ ಪಟ್ಟಿಯನ್ನೂ ಹಾಗೇ ಮಾಡಿರುತ್ತಾರೆ. ಇದಕ್ಕೆ 'ಎ' ಟೇಪರ್ ಎಂದು ಹೆಸರು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸದ್ದು ನಯವಾಗಿ ಏರುತ್ತದೆ. ಎಡಗೈಯಿಂದ ತಿರುಗಿಸುವವರಿಗೆ ವಿರುದ್ಧ ದಿಕ್ಕು ಸಹಜ. ಅದಕ್ಕಾಗಿ ಪೊಟೆನ್ಶಿಯೋಮೀಟರಿನ ತುದಿಯ ಎರಡು ವೈರುಗಳನ್ನು ಅದಲುಬದಲು ಬೆಸುಗೆ ಹಾಕಿದರೆ ದಿಕ್ಕೇನೋ ಬದಲಾಗುತ್ತದೆ, ಆದರೆ ಏರಿಕೆಯೆಲ್ಲ ಒಂದು ತುದಿಗೆ ಗುಡ್ಡೆಯಾಗುತ್ತದೆ. ನಾಬ್ ಸ್ವಲ್ಪ ಅಲುಗಿದರೆ ಸದ್ದು ಧುಮುಕುತ್ತದೆ, ಉಳಿದ ದೂರದಲ್ಲಿ ಏನೂ ಆಗುವುದಿಲ್ಲ. ಪರಿಹಾರ ಹಿಮ್ಮುಖ ಲಾಗರಿದಮ್‌ನ 'ಸಿ' ಟೇಪರ್ ಪೊಟೆನ್ಶಿಯೋಮೀಟರ್.

ಬ್ಯಾಟರಿ ಸರ್ಕ್ಯೂಟಿನ ಬೇಸ್‌ಗಳಲ್ಲಿ ಪೊಟೆನ್ಶಿಯೋಮೀಟರುಗಳು ಸರ್ಕ್ಯೂಟ್ ಬೋರ್ಡಿಗೇ ಬೆಸೆದಿದ್ದರೆ ಆಮೇಲೆ ಬದಲಿಸುವುದು ಕಷ್ಟ. ಆದ್ದರಿಂದ ಆರ್ಡರಿನಲ್ಲೇ ಬರೆಸಬೇಕು. ಒಂದು ಎಚ್ಚರಿಕೆ: ಎಲ್ಲ ಎಡಗೈ ವಾದಕರೂ ವಿರುದ್ಧ ದಿಕ್ಕನ್ನು ಬಯಸುವುದಿಲ್ಲ. ಆಂಪ್ಲಿಫೈಯರ್, ರೇಡಿಯೋ ಎಲ್ಲದರಲ್ಲೂ ಬಲಕ್ಕೆ ತಿರುಗಿಸಿದರೆ ಸದ್ದು ಏರುವ ಅಭ್ಯಾಸವಾದವರು ಬೇಸಿನಲ್ಲೂ ಅದನ್ನೇ ಕೇಳಬಹುದು. ಎರಡರಲ್ಲಿ ಯಾವುದೆಂದು ನಿರ್ಧರಿಸಬೇಕಾದವರು ನುಡಿಸುವವರೇ.

ಹೆಸರಾಂತ ಎಡಗೈ ಬೇಸ್ ವಾದಕರು

ಪಾಲ್ ಮೆಕಾರ್ಟ್ನಿಯಿಂದ ಶುರುಮಾಡದೆ ವಿಧಿಯಿಲ್ಲ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ ಬೇಸ್ ಮೆಕಾರ್ಟ್ನಿಯ ಪಾಲಿಗೆ ಬಂತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅವರು ಹೋಫ್ನರ್ 500/1 ಕೊಂಡರು. ಪಿಟೀಲಿನ ಆಕಾರದ, ಎರಡೂ ಬದಿ ಒಂದೇ ಸಮನಾದ ಬಾಡಿ, 30 ಅಂಗುಲದ ಸ್ಕೇಲ್. ಆಕಾರ ಸಮವಾಗಿದ್ದದ್ದರಿಂದ ಎಡಗೈಯಲ್ಲಿ ಹಿಡಿದಾಗ ವಿಚಿತ್ರವಾಗಿ ಕಾಣುವುದಿಲ್ಲ ಎಂಬುದು ಅದನ್ನು ಆರಿಸಲು ಅವರು ಕೊಟ್ಟ ಕಾರಣಗಳಲ್ಲೊಂದು. ರಾಕ್ ಸಂಗೀತದ ಅತಿ ಪ್ರಸಿದ್ಧ ಬೇಸ್ ಒಂದರ ಆಯ್ಕೆಯ ಹಿಂದೆ ಎಡಗೈಯ ಪ್ರಶ್ನೆ ಇತ್ತು ಎಂಬುದು ಎಡಗೈ ವಾದಕರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ.

- 1965: ಎಡಗೈ ರಿಕನ್‌ಬ್ಯಾಕರ್ 4001ಎಸ್ ಅವರ ಕೈಸೇರಿತು.
- 1972: 1961ರ ಹೋಫ್ನರ್ ಲಂಡನ್ನಿನಲ್ಲಿ ಕಳವಾಯಿತು. ಅರ್ಧ ಶತಮಾನದ ನಂತರ ಮರಳಿ ಸಿಕ್ಕಿದ ಸುದ್ದಿ ಫೆಬ್ರುವರಿ 2024ರಲ್ಲಿ ಹೊರಬಿತ್ತು.
- 1980ರ ದಶಕದ ಕೊನೆ: ಐದು ತಂತಿಯ ಎಡಗೈ ವಾಲ್ ಬೇಸ್. ಬುಟಿಕ್ ಕಮ್ಮಟದ ಎಡಗೈ ಬೇಸ್‌ಗೆ ಇದಕ್ಕಿಂತ ದೊಡ್ಡ ಹೆಸರಿನ ಉದಾಹರಣೆ ಬೇಕಿಲ್ಲ.

ಕಿಂಗ್ಸ್ ಎಕ್ಸ್ ತಂಡದ ಡಗ್ ಪಿನ್ನಿಕ್ 12 ತಂತಿಯ ಬೇಸಿಗೆ ಹೆಸರಾದ ಎಡಗೈ ವಾದಕರು. ಸ್ಲಿಪ್‌ನಾಟ್ ತಂಡದ ಪಾಲ್ ಗ್ರೇ (1972–2010) ಕೂಡ ಎಡಗೈಯವರು. ಹ್ಯಾಸ್ಲಿಪ್, ಮೋನೋನಿಯೋನ್ ಹೆಸರುಗಳು ಮೇಲೆ ಬಂದಿವೆ.

ಕಮ್ಮಟಕ್ಕೆ ಎಡಗೈ ಬೇಸ್ ಕಷ್ಟವೇ?

ಕೈಯಿಂದ ಮರ ಕೊರೆಯುವವರು ಬಾಡಿಯ ಅಚ್ಚುಹಲಗೆಯನ್ನು ಮಗುಚಿ ಹಾಕಿದರೆ ಹೊರರೇಖೆ ಎಡಗೈಯದಾಗುತ್ತದೆ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದಲ್ಲಿ ವಿನ್ಯಾಸವನ್ನು ಪ್ರತಿಬಿಂಬಿಸುವುದು ಇನ್ನೂ ಸುಲಭ. ನಿಜವಾದ ಹೆಚ್ಚುವರಿ ಕೆಲಸ ಇರುವುದು ನೆಕ್ಕು ಹಿಡಿಯುವ ಜಿಗ್, ಎಡಗೈ ಟ್ಯೂನರ್, ನಾಬ್ ಮತ್ತು ಸರ್ಕ್ಯೂಟಿನ ಜೋಡಣೆಯಲ್ಲಿ. ಕೆಲವು ಕಮ್ಮಟಗಳು ಇದಕ್ಕೆ ಹೆಚ್ಚುವರಿ ಹಣ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಒಂದೇ ಒಂದು ಬೇಸ್ ಕಟ್ಟಲು ಹೊಸ ಜಿಗ್ ಮಾಡಬೇಕಾದವರು ಹೆಚ್ಚು ಕೇಳುವುದು ಸಹಜ. ಎಲ್ಲವನ್ನೂ ಯಂತ್ರದಲ್ಲಿ ಕೊರೆದು, ಫೈಲ್ ತಿರುಗಿಸಿದ ಮಾತ್ರಕ್ಕೆ ದೊಡ್ಡ ಮೊತ್ತ ಕೇಳಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಆರ್ಡರ್ ಕೊಡುವ ಮುನ್ನ

ಬಲಗೈ ವಾದಕರು ಅಂಗಡಿಗೆ ಹೋಗಿ ಹತ್ತು ಬೇಸ್ ನುಡಿಸಿ ನೋಡಿ ನಿರ್ಧರಿಸುತ್ತಾರೆ. ಎಡಗೈ ವಾದಕರು ಬಹುಪಾಲು ನೋಡದೆಯೇ ಮಾಡಿಸಬೇಕು. ಹಾಗಾಗಿ ತಮ್ಮ ಕೈಗೆ ಹೊಂದಿದ ವಾದ್ಯವೊಂದನ್ನು ಅಳೆದು ಆ ಅಳತೆಗಳನ್ನು ಕಳುಹಿಸುವುದು ಒಳ್ಳೆಯದು. ಅಳೆಯಬೇಕಾದ್ದು ಇಷ್ಟು: ಸ್ಕೇಲ್, ನಟ್ಟಿನ ಬಳಿ ನೆಕ್ಕಿನ ಅಗಲ, ಜಾಝ್ ಬೇಸಿನಲ್ಲಿ ಇದು ಸುಮಾರು 38 ಮಿಮೀ, ಬ್ರಿಜ್‌ನಲ್ಲಿ ತಂತಿಗಳ ಅಂತರ, ನಾಲ್ಕು ತಂತಿಯಲ್ಲಿ ಸಾಮಾನ್ಯವಾಗಿ 19 ಮಿಮೀ, 1ನೇ ಮತ್ತು 12ನೇ ಫ್ರೆಟ್ಟಿನಲ್ಲಿ ನೆಕ್ಕಿನ ದಪ್ಪ, ಒಟ್ಟು ತೂಕ. ಬಲಗೈ ಬೇಸನ್ನು ಹಿಡಿದು ನೋಡಿದರೂ ನೆಕ್ಕಿನ ಅಗಲ, ಸ್ಕೇಲಿನ ದೂರ ತಿಳಿಯುತ್ತದೆ. ಗೆಳೆಯರ ಬೇಸ್ ಸಿಕ್ಕಾಗಲೆಲ್ಲ ಟೇಪು ಹಿಡಿಯಿರಿ.

ಬರಹದಲ್ಲಿ ಇರಲೇಬೇಕಾದ್ದು: ತಂತಿಯ ಕ್ರಮ, ಅಂಚಿನ ಚುಕ್ಕಿ ಯಾವ ಬದಿಗೆ, ಒಡೆದ ಪಿಕಪ್ ಇದ್ದರೆ ಯಾವ ತುಂಡು ಎಲ್ಲಿ, ನಾಬ್‌ಗಳ ಸಾಲು ಮತ್ತು ತಿರುಗುವ ದಿಕ್ಕು, ಟೇಪರ್, ಮುಂಗಡ ಹಣ ವಾಪಸಾಗುವ ಷರತ್ತು, ಮುಗಿಸುವ ತಿಂಗಳು. ಕಟ್ಟುವ ಹಂತದಲ್ಲಿ ಫೋಟೋ ಕೇಳಿ. ಮರ ಕೊರೆಯುವ ಮೊದಲು ಬಾಡಿಯ ನಕ್ಷೆಯನ್ನು ನೋಡಿ ಒಪ್ಪಿಗೆ ಕೊಡುವುದು ಇನ್ನೂ ಕ್ಷೇಮ.

ಹಳೆಯ ಬೇಸ್ ಕೊಳ್ಳುವ ಮಾರ್ಗವೂ ಇದೆ. ಎಡಗೈ ಬುಟಿಕ್ ಬೇಸ್ ಮಾರಾಟಕ್ಕೆ ಬರುವುದು ಅಪರೂಪ, ಕೊಳ್ಳುವವರೂ ಕಡಿಮೆ. ಮಾರುವವರು ಬೇಗ ಮಾರಲು ಬೆಲೆ ಇಳಿಸಬೇಕಾಗುತ್ತದೆ, ಹಾಗಾಗಿ ತಾಳ್ಮೆ ಇದ್ದವರಿಗೆ ಒಳ್ಳೆಯ ಬೇಸ್ ಸಿಗಬಹುದು. ಆದರೆ ತಾವೇ ಮಾಡಿಸುವಾಗ ಇದೇ ಲೆಕ್ಕ ತಿರುಗಿ ಬೀಳುತ್ತದೆ. ಮುಂದೆ ಮಾರುವ ಯೋಚನೆ ಇದ್ದರೆ ವಿಪರೀತ ವೈಯಕ್ತಿಕ ಆಯ್ಕೆಗಳು ಬೇಡ, ತಲೆಕೆಳಗಿನ ತಂತಿ ಕ್ರಮದ ನಟ್ ಇದ್ದರಂತೂ ಕೊಳ್ಳುವವರು ಬೆರಳೆಣಿಕೆಯಷ್ಟು.

ಮರ, ಪರವಾನಗಿ, ಆಮದು

ಜಗತ್ತಿನ ಅನೇಕ ಬುಟಿಕ್ ಬೇಸ್‌ಗಳ ಫಿಂಗರ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದ್ದು. ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ವಾದ್ಯದವರು ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಮೈಸೂರಿನ ಕೆತ್ತನೆ ಜೋಡಣೆಯ ಚಿತ್ರಗಳಿಗೂ ಇದೇ ಮರ.

- 1992: ಬ್ರೆಜಿಲ್‌ನ ಡಾಲ್ಬರ್ಜಿಯಾ ನೈಗ್ರಾ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಒಂದನೇ ಅನುಬಂಧಕ್ಕೆ ಸೇರಿತು. ಕಟ್ಟುನಿಟ್ಟು ಇಂದಿಗೂ ಇದೆ.
- 2 ಜನವರಿ 2017: ಡಾಲ್ಬರ್ಜಿಯಾ ಕುಲದ ಉಳಿದ ಮರಗಳೂ, ಬುಬಿಂಗಾ ಮರದ ಮೂರು ಜಾತಿಗಳೂ ಎರಡನೇ ಅನುಬಂಧಕ್ಕೆ ಬಂದವು. ಗಡಿ ದಾಟುವ ಗಿಟಾರುಗಳಿಗೆ ಕಾಗದಪತ್ರದ ತೊಡಕು ಶುರುವಾಯಿತು.
- 26 ನವೆಂಬರ್ 2019: ತಯಾರಾದ ಸಂಗೀತ ವಾದ್ಯಗಳಿಗೆ ಎರಡನೇ ಅನುಬಂಧದ ಈ ನಿಯಮದಿಂದ ವಿನಾಯಿತಿ ಜಾರಿಗೆ ಬಂತು. ಬ್ರೆಜಿಲ್‌ನ ನೈಗ್ರಾ ಮರಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಆದ್ದರಿಂದ ಬೆಂಗಳೂರಿಗೆ ತರಿಸುವ ಬೇಸಿಗೆ ಬೀಟೆ ಫಿಂಗರ್‌ಬೋರ್ಡ್ ಇದ್ದರೆ ಚಿಂತೆಯಿಲ್ಲ, ಹಳೆಯ ಬ್ರೆಜಿಲ್ ಮರದ್ದಾದರೆ ಪರವಾನಗಿ ಇಲ್ಲದೆ ತರಿಸಬೇಡಿ. ಆಮದು ಸುಂಕದ ವರ್ಗೀಕರಣದಲ್ಲಿ ವಿದ್ಯುತ್ ಗಿಟಾರ್‌ಗಳು 9207ನೇ ಶೀರ್ಷಿಕೆಯಡಿ ಬರುತ್ತವೆ. ಸುಂಕವನ್ನೂ ಅದರ ಮೇಲಿನ ಐಜಿಎಸ್‌ಟಿಯನ್ನೂ ಸಾಗಣೆ ವೆಚ್ಚ, ವಿಮೆ ಸೇರಿದ ಮೌಲ್ಯದ ಮೇಲೆ ಲೆಕ್ಕ ಹಾಕುವುದರಿಂದ ಕಮ್ಮಟದವರು ಹೇಳಿದ ಬೆಲೆಯನ್ನಷ್ಟೇ ನಂಬಿ ದುಡ್ಡು ಕೂಡಿಸಿದರೆ ಸಾಲುವುದಿಲ್ಲ.

ಒಣ ಹವೆಯಲ್ಲಿ ಕಟ್ಟಿದ ಬೇಸ್ ಮಳೆಗಾಲದಲ್ಲಿ ಮಂಗಳೂರಿಗೆ ಬಂದಿಳಿದರೆ ಮರ ತೇವ ಹೀರಿ ನೆಕ್ಕಿನ ಬಾಗು ಬದಲಾಗುತ್ತದೆ. ಪೆಟ್ಟಿಗೆ ತೆರೆದು ಒಂದೆರಡು ದಿನ ವಾದ್ಯವನ್ನು ಕೋಣೆಯ ಹವೆಗೆ ಬಿಟ್ಟು, ಶ್ರುತಿ ಮಾಡಿದ ಮೇಲೆ ನೆಕ್ಕಿನೊಳಗಿನ ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸದೆ ಸರಿಪಡಿಸಬೇಕು. ಟ್ರಸ್ ರಾಡಿಗೆ ಎಡ ಬಲ ಎಂಬುದಿಲ್ಲ. ಬಲಗೈ ಬೇಸ್ ಸರಿಪಡಿಸಲು ಬಲ್ಲ ಯಾವ ಕೆಲಸಗಾರರೂ ಇದನ್ನು ಮಾಡಿಕೊಡಬಲ್ಲರು.